ನಮ್ಮ ಓವನ್ನಿನಲ್ಲಿ 350 ಇಲ್ಲ: ಹಾಸ್ಟೆಲ್ ಅಡುಗೆಮನೆಯ ರವೆ ಕೇಕ್

ಜರ್ಮನಿಗೆ ಬಂದ ಮೊದಲ ಚಳಿಗಾಲ. ನಮ್ಮ ಮಹಡಿಯ ಗೆಳೆಯನ ಹುಟ್ಟುಹಬ್ಬ ಭಾನುವಾರ ಇತ್ತು. ಮನೆ ಬಿಟ್ಟು ಬಂದ ಮೇಲೆ ಅವನಿಗೆ ಅದೇ ಮೊದಲನೆಯದು. ಅವನು ಮೊಟ್ಟೆ ತಿನ್ನಲ್ಲ, ಹತ್ತಿರದ ಬೇಕರಿಯಲ್ಲಿ ಮೊಟ್ಟೆ ಇಲ್ಲದ ಕೇಕ್ ಸಿಗಲಿಲ್ಲ. ಊರಲ್ಲಿ ಅಮ್ಮ ಕುಕ್ಕರ್ ತಳಕ್ಕೆ ಮರಳು ಹಾಕಿ, ಗ್ಯಾಸ್ಕೆಟ್ಟು ವಿಷಲ್ಲು ತೆಗೆದಿಟ್ಟು ರವೆ ಕೇಕ್ ಮಾಡ್ತಿದ್ದರು. ಇಲ್ಲಿ ಓವನ್ನೇ ಇದೆಯಲ್ಲ, ಇನ್ನೇನು ಕಷ್ಟ ಅಂದುಕೊಂಡೆ.

ಗುರುವಾರ ಮೊದಲ ಪ್ರಯೋಗ. ಅಳತೆ ಅಮ್ಮನದು, ಶಾಖ ಯಾವುದೋ ಅಮೆರಿಕದ ವಿಡಿಯೋದ್ದು: 350 ಡಿಗ್ರಿ. ನಮ್ಮ ಓವನ್ನಿನ ಗುಂಡಿ 250ಕ್ಕೇ ನಿಂತುಬಿಡ್ತು. ಸರಿ, ಇರೋದರಲ್ಲೇ ಜಾಸ್ತಿ ಇಡೋಣ ಅಂತ 250 ಇಟ್ಟೆ. ಇಪ್ಪತ್ತು ನಿಮಿಷಕ್ಕೆ ಮೇಲೆ ಇದ್ದಿಲು, ಒಳಗೆ ಹಸಿ ಹಿಟ್ಟು. ಎಂಜಿನಿಯರಿಂಗ್ ಓದುವವನಿಗೆ ಫ್ಯಾರನ್‌ಹೀಟ್ ನೆನಪಾಗಿದ್ದು ಹೊಗೆ ಎದ್ದ ಮೇಲೆ! 350ರಿಂದ 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಿ: ಸುಮಾರು 177 ಸೆಲ್ಸಿಯಸ್. ಅಷ್ಟೇ ಬೇಕಾಗಿದ್ದು.

ಗುಂಡಿಯ ಮೇಲಿನ ಚಿತ್ರಗಳನ್ನೂ ನೋಡಿ. ಮೇಲೊಂದು ಕೆಳಗೊಂದು ಗೆರೆ ಇದ್ದರೆ ಎರಡೂ ಕಡೆಯಿಂದ ಶಾಖ, ಇಲ್ಲಿನವರು 'ಓಬರ್-ಉಂಟರ್‌ಹಿಟ್ಸೆ' ಅಂತಾರೆ. ಫ್ಯಾನ್ ಚಿತ್ರ ಇದ್ದರೆ 'ಊಮ್‌ಲುಫ್ಟ್', ಬಿಸಿ ಗಾಳಿ ಒಳಗೆಲ್ಲ ಸುತ್ತುತ್ತದೆ. ಸುತ್ತುವ ಗಾಳಿ ಶಾಖವನ್ನು ಬೇಗ ಮುಟ್ಟಿಸುವುದರಿಂದ ಆಗ 20 ಡಿಗ್ರಿ ಕಡಿಮೆ ಇಡಬೇಕು. ಗೆರೆಗಳಲ್ಲಿ 180 ಆದರೆ ಫ್ಯಾನಿನಲ್ಲಿ 160.

ಶನಿವಾರ ಎರಡನೇ ಕೇಕ್. ಶಾಖ ಸರಿಯಿತ್ತು, ಬಣ್ಣ ಚೆನ್ನಾಗಿ ಬಂತು, ಬಾಯಿಗಿಟ್ಟರೆ ಸೋಪು! ಅಮ್ಮನಿಗೆ ಫೋನ್ ಮಾಡಿದೆ.

"ಮೊಸರು ಹುಳಿ ಬಂದಿತ್ತೇನೋ?"

"ಅಂಗಡೀದಮ್ಮ, ಸಿಹಿಯಾಗೇ ಇತ್ತು."

"ಮತ್ತೆ ಅಷ್ಟು ಸೋಡಾ ಯಾಕೆ ಹಾಕಿದೆ? ಹುಳಿ ನೋಡಿ ಸೋಡಾ ಹಾಕಬೇಕು ಕಣೋ."

ಇಡೀ ಪಾಠ ಇಷ್ಟೇ. ಅಡುಗೆ ಸೋಡಾ ಅಂದರೆ ಸೋಡಿಯಂ ಬೈಕಾರ್ಬೊನೇಟ್, ಇಲ್ಲಿ 'ನಾಟ್ರೋನ್' ಹೆಸರಲ್ಲಿ ಸಿಗುತ್ತೆ. ಅದು ಮೊಸರಿನ ಆಮ್ಲದ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ಆ ಗುಳ್ಳೆಗಳೇ ಕೇಕನ್ನು ಉಬ್ಬಿಸೋದು. ಮೊಟ್ಟೆ ಇಲ್ಲದ ಕೇಕಿಗೆ ಈ ಗುಳ್ಳೆಗಳೇ ದೊಡ್ಡ ಆಧಾರ. ನಮ್ಮ ಮನೆಯ ಎರಡು ದಿನದ ಮೊಸರಿಗೆ ಇರುವಷ್ಟು ಹುಳಿ ಇಲ್ಲಿನ ಡಬ್ಬಿ ಮೊಸರಿಗೆ ಇರಲ್ಲ. ಆಮ್ಲ ಸಾಲದೆ ಉಳಿದ ಸೋಡಾ ಬಿಸಿಗೆ ವಾಷಿಂಗ್ ಸೋಡಾ ಆಗುತ್ತದೆ, ಸೋಪಿನ ರುಚಿ ಅದರದೇ. ಬೇಕಿಂಗ್ ಪೌಡರಿನಲ್ಲಿ, ಅಂದರೆ 'ಬಾಕ್‌ಪುಲ್ಫರ್'ನಲ್ಲಿ, ಸೋಡಾ ಜೊತೆ ಬೇಕಾದ ಆಮ್ಲವನ್ನೂ ಬೆರೆಸಿರುತ್ತಾರೆ. ಎರಡೂ ಒಂದೇ ಅಂತ ಅದಲು ಬದಲು ಮಾಡ್ಬೇಡಿ.

ಭಾನುವಾರ ಗೆದ್ದ ಅಳತೆ ಇದು. ಸಣ್ಣ ರವೆ 150 ಗ್ರಾಂ, ಮೈದಾ 100, ಸಕ್ಕರೆ 150, ಮೊಸರು 250, ಎಣ್ಣೆ 100 ಮಿಲಿ, ಹಾಲು ಸುಮಾರು 120 ಮಿಲಿ, ನಾಲ್ಕು ಏಲಕ್ಕಿ, ಚಿಟಿಕೆ ಉಪ್ಪು. ಬಾಕ್‌ಪುಲ್ಫರ್ ಅರ್ಧ ಪೊಟ್ಟಣ (ಪೂರ್ತಿ ಪೊಟ್ಟಣ ಸಾಮಾನ್ಯವಾಗಿ 500 ಗ್ರಾಂ ಹಿಟ್ಟಿಗೆ), ಕಾಲು ಟೀ ಚಮಚ ನಾಟ್ರೋನ್, ಒಂದು ದೊಡ್ಡ ಚಮಚ ನಿಂಬೆರಸ. ಮೈದಾ ಅಂತ ಕೇಳಿದರೆ ಅಂಗಡಿಯವರಿಗೆ ಗೊತ್ತಾಗಲ್ಲ, 405 ಅಂತ ಬರೆದಿರುವ ಗೋಧಿ ಹಿಟ್ಟು ತಗೊಳ್ಳಿ. ಆ ಸಂಖ್ಯೆ ಹಿಟ್ಟನ್ನು ಸುಟ್ಟರೆ ಉಳಿಯುವ ಬೂದಿಯ ಲೆಕ್ಕ. ಕಡಿಮೆ ಇದ್ದಷ್ಟೂ ಹಿಟ್ಟು ಬಿಳಿ.

ರವೆ, ಮೊಸರು, ಸಕ್ಕರೆ, ಹಾಲು ಕಲಸಿ ಇಪ್ಪತ್ತು ನಿಮಿಷ ನೆನೆಯಲು ಬಿಡಿ, ಇಲ್ಲದಿದ್ದರೆ ಹಲ್ಲಿಗೆ ರವೆ ಸಿಗುತ್ತೆ. ಅಷ್ಟರಲ್ಲಿ ಓವನ್ ಕಾಯಲಿ. ಆಮೇಲೆ ಎಣ್ಣೆ, ಉಪ್ಪು, ಏಲಕ್ಕಿ ಪುಡಿ, ನಿಂಬೆರಸ ಸೇರಿಸಿ. ಮೈದಾ, ಬಾಕ್‌ಪುಲ್ಫರ್, ನಾಟ್ರೋನ್ ಒಟ್ಟಿಗೆ ಜರಡಿ ಹಿಡಿದು ಕಟ್ಟಕಡೆಗೆ ಹಾಕಿ. ಇಡ್ಲಿ ಹಿಟ್ಟಿನ ಹದ ಇರಲಿ. ಗಟ್ಟಿಯಾದರೆ ಇನ್ನೊಂದಿಷ್ಟು ಹಾಲು. ಜಾಸ್ತಿ ತಿರುವಬೇಡಿ, ಮೈದಾ ಜಿಗುಟಾಗಿ ಕೇಕ್ ಗಟ್ಟಿಯಾಗುತ್ತೆ. ಕಲಸಿದ ತಕ್ಷಣ ಬೇಕಿಂಗ್ ಪೇಪರ್ ಹಾಸಿದ 25 ಸೆಂಟಿಮೀಟರ್ ಉದ್ದದ ಅಚ್ಚಿಗೆ ಸುರಿದು ಓವನ್ನಿಗೆ ಇಡಿ. ಫೋನ್ ನೋಡ್ತಾ ಕೂತರೆ ಗುಳ್ಳೆಗಳೆಲ್ಲ ಹೊರಗೇ ಹೋಗಿಬಿಡುತ್ತವೆ.

ಮೊದಲ ಅರ್ಧ ಗಂಟೆ ಬಾಗಿಲು ತೆಗೆಯೋ ಹಾಗಿಲ್ಲ. ಆಗ ಕೇಕ್ ಉಬ್ಬಿರುತ್ತೆ, ಆದರೆ ಒಳಗಿನ ಗೋಡೆಗಳು ಇನ್ನೂ ಬೆಂದು ಗಟ್ಟಿಯಾಗಿರಲ್ಲ. ತಣ್ಣನೆ ಗಾಳಿ ನುಗ್ಗಿದರೆ ನಡು ಕುಸಿಯುತ್ತೆ. ಹಾಸ್ಟೆಲ್ಲಿನಲ್ಲಿ ಯಾರಾದರೂ ಪಿಜ್ಜಾ ಇಡಲು ಬಂದೇ ಬರ್ತಾರೆ. ನಾನು ಬಾಗಿಲಿಗೆ ಚೀಟಿ ಅಂಟಿಸಿ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ನಲವತ್ತೈದು ನಿಮಿಷಕ್ಕೆ ನಡುವೆ ಕಡ್ಡಿ ಚುಚ್ಚಿ. ಹಿಟ್ಟು ಅಂಟಿದರೆ ಇನ್ನೈದು ನಿಮಿಷ.

ತೆಗೆದ ಮೇಲೆ ಹತ್ತು ನಿಮಿಷ ಅಚ್ಚಿನಲ್ಲೇ ಇರಲಿ, ಆಮೇಲೆ ಜಾಲರಿ ಮೇಲೆ. ಪೂರ್ತಿ ಆರಿದ ಮೇಲೆ ಕತ್ತರಿಸಿದರೆ ಪುಡಿಯಾಗಲ್ಲ. ನಾವಂತೂ ಕಾಯಲಿಲ್ಲ. ಗೆಳೆಯ ಬಿಸಿ ಕೇಕನ್ನೇ ಕತ್ತರಿಸಿದ, ಉದುರಿದ ಪುಡಿಯನ್ನು ಅವನ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿಕೊಂಡೇ ಚಮಚದಲ್ಲಿ ತಿಂದ.