ಪವರ್ ಕನ್ವರ್ಟರ್ ಸಿಮ್ಯುಲೇಷನ್‌ನಲ್ಲಿ ಗೇಟ್ ಡ್ರೈವ್: ಮುಖ್ಯಾಂಶಗಳು

ನಮ್ಮೂರಿನ ಉದಾಹರಣೆ
• ಬೆಂಗಳೂರಿನ ನಮ್ಮ ಮೆಟ್ರೊಗೆ ಮೂರನೇ ಹಳಿಯಿಂದ 750 ವೋಲ್ಟ್ ಡಿಸಿ ಸಿಗುತ್ತದೆ. ಇನ್ವರ್ಟರ್ ಅದನ್ನು ತ್ರೀ ಫೇಸ್ ಎಸಿ ಮಾಡಿ ಮೋಟಾರಿಗೆ ಕೊಡುತ್ತದೆ.
• ಇಂಥ ಇನ್ವರ್ಟರಿನ ಮೇಲಿನ ಐಜಿಬಿಟಿ ಆನ್ ಆದಾಗ ಅದರ ಎಮಿಟರ್ 750 ವೋಲ್ಟ್‌ನ ಸಮೀಪಕ್ಕೆ ಏರುತ್ತದೆ. ಗೇಟ್ ಅದಕ್ಕಿಂತಲೂ ಸುಮಾರು 15 ವೋಲ್ಟ್ ಮೇಲಿರಬೇಕು.

ಮೂಲ ನಿಯಮ
• ಮಾಸ್‌ಫೆಟ್ ಆನ್ ಆಗುವುದನ್ನು ನಿರ್ಧರಿಸುವುದು ಗೇಟ್–ಸೋರ್ಸ್ ವೋಲ್ಟೇಜ್. ಗ್ರೌಂಡ್‌ನಿಂದ ಅಳೆದ ಗೇಟ್ ವೋಲ್ಟೇಜ್ ಅಲ್ಲ.
• ತ್ರೆಶೋಲ್ಡ್ ದಾಟಿದರೆ ಕರೆಂಟ್ ಹರಿಯಲು ಶುರುವಾಗುತ್ತದೆ ಅಷ್ಟೆ. ಐಆರ್‌ಎಫ್‌ಝಡ್ 44ಎನ್ ಮಾಸ್‌ಫೆಟ್‌ಗೆ ತ್ರೆಶೋಲ್ಡ್ 2–4 ವೋಲ್ಟ್, ಆದರೆ 17.5 ಮಿಲಿಓಮ್ ರೆಸಿಸ್ಟೆನ್ಸ್ ಸಿಗುವುದು 10 ವೋಲ್ಟ್ ಕೊಟ್ಟಾಗ. ಗೇಟ್–ಸೋರ್ಸ್ ವೋಲ್ಟೇಜ್‌ನ ಮಿತಿ ±20 ವೋಲ್ಟ್.

ಪದೇ ಪದೇ ಆಗುವ ತಪ್ಪು: ಬಕ್ ಕನ್ವರ್ಟರ್
• ಇನ್‌ಪುಟ್ 24 ವೋಲ್ಟ್, ಡ್ಯೂಟಿ 0.5, ಔಟ್‌ಪುಟ್ 12 ವೋಲ್ಟ್ ಬರಬೇಕು.
• ಗ್ರೌಂಡ್‌ಗೆ ಜೋಡಿಸಿದ 12 ವೋಲ್ಟ್ ಪಲ್ಸ್ ಕೊಟ್ಟರೆ, 4 ವೋಲ್ಟ್ ತ್ರೆಶೋಲ್ಡ್ ಇರುವಾಗ ಸೋರ್ಸ್ 8 ವೋಲ್ಟ್‌ಗಿಂತ ಮೇಲೇರದು. ಔಟ್‌ಪುಟ್ 4 ವೋಲ್ಟ್ ಕೂಡ ಮುಟ್ಟುವುದಿಲ್ಲ.
• ಆನ್ ಇರುವಾಗಿನ ನಷ್ಟ, 2 ಆಂಪಿಯರ್‌ನಲ್ಲಿ: (24 − 8) × 2 = 32 ವ್ಯಾಟ್. ಸರಿಯಾಗಿ ಡ್ರೈವ್ ಮಾಡಿದರೆ: 2² × 0.0175 = 0.07 ವ್ಯಾಟ್.

ಪರಿಹಾರ
• ಸ್ಪೈಸ್‌ನಲ್ಲಿ ಪಲ್ಸ್ ಸೋರ್ಸಿನ ಮೈನಸ್ ತುದಿಯನ್ನು ಗ್ರೌಂಡ್‌ಗೆ ಬದಲು ಮಾಸ್‌ಫೆಟ್‌ನ ಸೋರ್ಸ್‌ಗೆ ಜೋಡಿಸಿ.
• ನಿಜವಾದ ಬೋರ್ಡಿನಲ್ಲಿ: ಐಆರ್ 2110ನಂಥ ಬೂಟ್‌ಸ್ಟ್ರಾಪ್ ಡ್ರೈವರ್, ಅಥವಾ ಪ್ರತ್ಯೇಕಿಸಿದ ಸಪ್ಲೈ.
• ಸ್ವಿಚ್ ನೋಡ್ ಕೆಳಗಿಳಿದಾಗಲೇ ಬೂಟ್‌ಸ್ಟ್ರಾಪ್ ಕೆಪ್ಯಾಸಿಟರ್ ಚಾರ್ಜ್ ಆಗುವುದು. ಆದ್ದರಿಂದ ಶೇ 100 ಡ್ಯೂಟಿ ಸಾಧ್ಯವಿಲ್ಲ.

ಪಲ್ಸ್ ಮತ್ತು ಟೈಮ್ ಸ್ಟೆಪ್
• 50 ಕಿಲೋಹರ್ಟ್ಸ್ ಎಂದರೆ ಪೀರಿಯಡ್ 20 ಮೈಕ್ರೊಸೆಕೆಂಡ್.
• ರೈಸ್, ಫಾಲ್ ಟೈಮ್‌ಗಳನ್ನು ಸೊನ್ನೆ ಬಿಡಬೇಡಿ. 50 ನ್ಯಾನೊಸೆಕೆಂಡ್‌ನಂಥ ಮೌಲ್ಯ ಕೊಡಿ. ಸ್ವಿಚಿಂಗ್ ಅಂಚು ಸ್ಪಷ್ಟವಾಗಿ ಕಾಣಬೇಕಾದರೆ ಗರಿಷ್ಠ ಟೈಮ್ ಸ್ಟೆಪ್ ಇದಕ್ಕಿಂತ ಚಿಕ್ಕದಿರಲಿ.

ಗೇಟ್ ಕರೆಂಟ್
• ಸೂತ್ರ: ಕರೆಂಟ್ = ಗೇಟ್ ಚಾರ್ಜ್ ÷ ಸಮಯ. 63 ನ್ಯಾನೊಕೂಲಂಬ್ ಅನ್ನು 63 ನ್ಯಾನೊಸೆಕೆಂಡ್‌ನಲ್ಲಿ ತುಂಬಲು ಸರಾಸರಿ 1 ಆಂಪಿಯರ್ ಬೇಕು. ಮೈಕ್ರೊಕಂಟ್ರೋಲರ್ ಪಿನ್ ಇಷ್ಟು ಕೊಡಲಾರದು; ಡ್ರೈವರ್ ಬೇಕೇ ಬೇಕು.

ಇತರ ಅಂಶಗಳು
• ಹಾಫ್ ಬ್ರಿಜ್: ಎರಡೂ ಸ್ವಿಚ್ ಒಟ್ಟಿಗೆ ಆನ್ ಆದರೆ ಸಪ್ಲೈ ಶಾರ್ಟ್. ನಡುವೆ ಡೆಡ್ ಟೈಮ್ ಇಡಿ.
• ಬಿಜೆಟಿ: ಬೇಸ್‌ಗೆ ಕರೆಂಟ್ ಬೇಕು. ಪೂರ್ತಿ ಸ್ಯಾಚುರೇಷನ್‌ಗೆ ಕಲೆಕ್ಟರ್ ಕರೆಂಟಿನ ಹತ್ತನೇ ಒಂದು ಭಾಗ ಎಂಬ ಲೆಕ್ಕ ರೂಢಿಯಲ್ಲಿದೆ.
• ಸಿಮ್ಯುಲಿಂಕ್‌ನ ಆದರ್ಶ ಸ್ವಿಚ್‌ಗೆ 1 ಎಂಬ ಸಿಗ್ನಲ್ ಸಾಕು. ಹಾಗಾಗಿ ಗೇಟ್ ಡ್ರೈವ್‌ನ ದೋಷ ಅಲ್ಲಿ ಕಾಣುವುದಿಲ್ಲ, ಸ್ಪೈಸ್‌ನಲ್ಲಿ ಕಾಣುತ್ತದೆ.

ನೆನಪಿಡಿ
• ಔಟ್‌ಪುಟ್ ಕಡಿಮೆ ಬಂದರೆ ಡ್ಯೂಟಿ ಬದಲಿಸುವ ಮೊದಲು ಗೇಟ್ ವೋಲ್ಟೇಜ್‌ನಿಂದ ಸೋರ್ಸ್ ವೋಲ್ಟೇಜ್ ಕಳೆದು ಗ್ರಾಫ್ ಹಾಕಿ. ಆನ್ ಅವಧಿಯುದ್ದಕ್ಕೂ ಅದು 10 ವೋಲ್ಟ್‌ಗಿಂತ ಕಡಿಮೆ ಇದ್ದರೆ, ಮೊದಲು ಸರಿಪಡಿಸಬೇಕಾದದ್ದು ಗೇಟ್ ಡ್ರೈವ್.