ಹಿತ್ತಲಲ್ಲಿ ಕೋರ್ಟ್ ಹಾಕಿಸುವ ಮುನ್ನ

ಪ್ರಶ್ನೆ: ನಾವು ನರಗುಂದದವರು, ಒಕ್ಕಲುತನದ ಮನೆ. ಮಗಳು ಏಳನೇ ತರಗತಿ. ಒಂದು ವರ್ಷದಿಂದ ಶಟಲ್ ಆಡುತ್ತಾಳೆ. ಚೆನ್ನಾಗಿ ಕಲಿಯಬೇಕೆಂದರೆ ಗದಗಕ್ಕೋ ಹುಬ್ಬಳ್ಳಿಗೋ ಕಳಿಸಬೇಕು. ಅವರಪ್ಪ ಕಡಲೆ ಮಾರಿದ ದುಡ್ಡಿಗೆ ಸಾಲ ಸೇರಿಸಿ ಹಿತ್ತಲದಲ್ಲೇ ಸಿಂಥೆಟಿಕ್ ಕೋರ್ಟ್ ಹಾಕಿಸುತ್ತೇನೆ ಎಂದು ಹಟ ಹಿಡಿದಿದ್ದಾರೆ. ಗುತ್ತಿಗೆದಾರ ಹದಿನೈದು ದಿನದಲ್ಲಿ ಮುಗಿಸಿಕೊಡುತ್ತಾನಂತೆ. ಅತ್ತೆಯವರು ಮಾತ್ರ, ‘ಅಲ್ಲಿ ಹಳೇ ಹಗೇವು ಐತಿ, ಅದರ ಮ್ಯಾಲೆ ಏನೂ ಕಟ್ಟಬ್ಯಾಡ್ರಿ’ ಎನ್ನುತ್ತಾರೆ. ಬೇಡ ಎಂದರೆ ಮಗಳ ಆಸೆಗೆ ಅಡ್ಡ ಬಂದಂತೆ, ಹೂಂ ಎಂದರೆ ದುಡ್ಡು ಮಣ್ಣುಪಾಲಾಗುವ ಭಯ. ಏನು ಮಾಡಲಿ?
– ಒಬ್ಬ ತಾಯಿ, ನರಗುಂದ

ಉತ್ತರ: ಅಕ್ಕಾ, ಮೊದಲು ನಿಮ್ಮ ಅತ್ತೆಯವರ ಪಕ್ಕ ಕೂತು ಕಾಳು ತುಂಬಿಡಲು ನೆಲದೊಳಗೆ ತೋಡಿದ ಆ ಹಗೇವು ಎಲ್ಲಿದೆ, ಬಾಯಿ ಎಷ್ಟು ಅಗಲ, ಕೊನೆಯ ಸಲ ಜೋಳ ತೆಗೆದದ್ದು ಯಾವಾಗ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಇಡೀ ಯೋಜನೆಯಲ್ಲಿ ಅತಿ ಮುಖ್ಯವಾದ ಮಾತು ಆಡಿದವರು ಅವರೇ. ನಿಮ್ಮ ಊರಿನ ಓಣಿಗಳಲ್ಲಿ ಈಚಿನ ವರ್ಷಗಳಲ್ಲಿ ಇದ್ದಕ್ಕಿದ್ದಂತೆ ನೆಲ ಕುಸಿದು ಗುಂಡಿ ಬಿದ್ದದ್ದು ನಿಮಗೆ ಗೊತ್ತು. ಹಳೆಯ ಹಗೇವುಗಳು ಟೊಳ್ಳಾಗಿ ಉಳಿದಿರುತ್ತವೆ, ಮಳೆಗೆ ಮಣ್ಣು ನೆನೆದು ಅಂತರ್ಜಲವೂ ಮೇಲೆ ಬಂದಾಗ ಅವುಗಳ ಗೋಡೆ ಜರಿಯುತ್ತದೆ. ಅದರ ಮೇಲೆ ನಾಲ್ಕಿಂಚಿನ ಕಾಂಕ್ರೀಟು ಹಾಸಿದರೆ ಟೊಳ್ಳು ಕಣ್ಣಿಗೆ ಕಾಣದಂತಾಗುತ್ತದೆ, ಅಷ್ಟೆ. ಅಲ್ಲಿ ಕುಣಿದಾಡುವವಳು ನಿಮ್ಮ ಮಗಳು.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಹಗೇವಿನ ಬಾಯಿ ತೆಗೆದ ಕೂಡಲೇ ಯಾರನ್ನೂ ಒಳಗೆ ಇಳಿಸಬೇಡಿ. ಮುಚ್ಚಿಟ್ಟ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ, ಇಳಿದವರು ಕೂಗುವ ಮೊದಲೇ ಬಿದ್ದುಬಿಡುತ್ತಾರೆ. ಮೇಲಿನಿಂದಲೇ ಕಲ್ಲು ಮತ್ತು ಗರಸು ತುಂಬಿಸಿ, ಪದರ ಪದರವಾಗಿ ನೀರು ಬಿಟ್ಟು ಕೂರಿಸಬೇಕು. ಮನೆ ಕೆಡವಿದ ಕಸ ಬೇಡ. ಈ ಕೆಲಸಕ್ಕೆ ಒಬ್ಬ ಸಿವಿಲ್ ಇಂಜಿನಿಯರ್ ಸ್ಥಳಕ್ಕೆ ಬಂದು ನಿಲ್ಲಲಿ. ಹಗೇವು ಒಂದೇ ಎಂದು ನಂಬಿಬಿಡಬೇಡಿ, ಒಂದರ ಪಕ್ಕ ಇನ್ನೊಂದು ತೋಡುವ ರೂಢಿಯೂ ಇತ್ತು.

ಇನ್ನು ಎರೆಮಣ್ಣು. ಬೇಸಿಗೆಯಲ್ಲಿ ನಿಮ್ಮ ಹಿತ್ತಲು ಬಿರುಕು ಬಿಟ್ಟಾಗ ಒಂದು ಕಬ್ಬಿಣದ ಸಲಾಕೆ ಇಳಿಸಿ ನೋಡಿ, ಎಷ್ಟು ಆಳ ಹೋಗುತ್ತದೆಂದು ನಿಮ್ಮ ಮನೆಯವರಿಗೇ ಆಶ್ಚರ್ಯವಾಗುತ್ತದೆ. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಕಡಲೆಗೆ, ಜೋಳಕ್ಕೆ ಇದೇ ಗುಣ ವರ. ಕೋರ್ಟಿಗೆ ಇದೇ ಕಂಟಕ: ಎರಡು ಮಳೆಗಾಲ ಕಳೆಯುವುದರೊಳಗೆ ನಡುವೆ ಏರು, ಅಂಚಿಗೆ ತಗ್ಗು, ಮೇಲೆ ಸೀಳು.

ಬ್ಯಾಡ್ಮಿಂಟನ್ ಕೋರ್ಟ್ 44 ಅಡಿ ಉದ್ದ, 20 ಅಡಿ ಅಗಲ. ಸುತ್ತ ನಾಲ್ಕು ಅಡಿಯಾದರೂ ಬಿಟ್ಟರೆ 52ಕ್ಕೆ 28 ಅಡಿ ಆಯಿತು. ಅಷ್ಟು ಜಾಗದಲ್ಲಿ ಮೂರು ಅಡಿ ಎರೆಮಣ್ಣು ತೆಗೆದು ಗರಸು ತುಂಬಬೇಕೆಂದರೆ ಸುಮಾರು 44 ಬ್ರಾಸ್ ಬೇಕು, ರೋಲರ್ ಹೊಡೆದು ಕೂರಿಸಿದ ಮೇಲೆ ಇನ್ನೂ ಹೆಚ್ಚು. ಗುತ್ತಿಗೆದಾರನ ಲೆಕ್ಕದಲ್ಲಿ ಈ ಸಾಲು ಇದೆಯೇ ನೋಡಿ. ಹದಿನೈದು ದಿನದ ಮಾತಂತೂ ನಿಲ್ಲುವುದಿಲ್ಲ, ಕಾಂಕ್ರೀಟು ತನ್ನ ಬಲಕ್ಕೆ ಬರಲಿಕ್ಕೇ 28 ದಿನ ಬೇಕು. ಹಿಂದಿನವರು ಕಣ ಮಾಡುವಾಗ ನೆಲ ಕೆತ್ತಿ, ನೀರು ಚಿಮುಕಿಸಿ, ಹೊಟ್ಟು ಹರಡಿ, ರೋಣಗಲ್ಲು ಉರುಳಿಸಿ, ಸಗಣಿ ಸಾರಿಸಿ, ಎಷ್ಟು ದಿನ ಕಾಯುತ್ತಿದ್ದರು ಎಂದು ಅತ್ತೆಯವರನ್ನೇ ಕೇಳಿ. ಬೇಸಿಗೆಯಲ್ಲಿ ಅಗೆದು ಗರಸು ತುಂಬಿಸಿ. ಒಂದು ಮಳೆಗಾಲ ಪೂರ್ತಿ ಅದರ ಮೇಲೆ ಸುರಿದುಹೋಗಲಿ. ದೀಪಾವಳಿ ಕಳೆದ ಮೇಲೆ ತಗ್ಗು ಬಿದ್ದ ಕಡೆ ತುಂಬಿ, ಒಂದೇ ದಿಕ್ಕಿಗೆ ಇಳಿಜಾರು ಕೊಟ್ಟು ಕಾಂಕ್ರೀಟು ಹಾಕಿಸಿ. ಉದ್ದ ಉತ್ತರ-ದಕ್ಷಿಣ ಇರಲಿ, ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ.

ಮೇಲ್ಮೈ ಯಾವುದು ಎಂಬುದು ಇದೆಲ್ಲದರ ನಂತರದ ಮಾತು. ಕಾಲುವೆ ನೀರಾವರಿಯ ನಿಮ್ಮ ಸೀಮೆಯಲ್ಲಿ ನೆಲದ ತೇವ ಮೇಲೇರುವುದು ಹೆಚ್ಚು. ಅಕ್ರಿಲಿಕ್ ಬಣ್ಣದ ಪದರ ಆ ತೇವಕ್ಕೆ ಗುಳ್ಳೆ ಎದ್ದು ಸುಲಿಯುತ್ತದೆ. ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಟೈಲ್‌ಗಳ ಕೆಳಗೆ ನೀರು ಹರಿದುಹೋಗುತ್ತದೆ, ನೆಲ ಕೆಟ್ಟರೆ ಬಿಚ್ಚಿ ಮತ್ತೆ ಹಾಸಬಹುದು. ಹಾಸುವುದೇ ಆದರೆ ಅವನ್ನೇ ಹಾಸಿ.

ಇದನ್ನು ಓದುವ ರೋಣದ ಎರೆ ಸೀಮೆಯವರಿಗೂ ಮಣ್ಣಿನ ಮಾತೆಲ್ಲ ಹೀಗೆಯೇ ಅನ್ವಯಿಸುತ್ತದೆ. ಗಜೇಂದ್ರಗಡದಲ್ಲಿ ಗುಡ್ಡದ ಸೆರಗಿನ ಮನೆಗಳಿಗೆ ಗಟ್ಟಿ ನೆಲ ಬೇಗ ಸಿಗುತ್ತದೆ, ಅಲ್ಲಿಯ ತೊಡಕು ಗಾಳಿ. ಗಾಳಿಯಂತ್ರಗಳು ತಿರುಗುವ ಊರಿನಲ್ಲಿ ಐದು ಗ್ರಾಂ ತೂಗುವ ಶಟಲ್ ಬಯಲಿನಲ್ಲಿ ಹೇಳಿದ ಮಾತು ಕೇಳುವುದಿಲ್ಲ. ನಿಮ್ಮ ಹಿತ್ತಲಲ್ಲೂ ಆಷಾಢದ ಗಾಳಿ ಬೀಸುತ್ತದಲ್ಲ? ಬಯಲ ಕೋರ್ಟಿನಲ್ಲಿ ಕೈಕಾಲು ಚುರುಕಾಗುತ್ತವೆ. ಆದರೆ ಪಂದ್ಯದ ಆಟ ನಿಜವಾಗಿ ಪಳಗುವುದು ಗಾಳಿ ತಡೆದ ಸೂರಿನ ಕೆಳಗೆ.

ಅದಕ್ಕೇ ನಾನು ನಿಮ್ಮ ಮನೆಯವರಿಗೆ ಇನ್ನೊಂದು ದಾರಿ ಹೇಳುತ್ತೇನೆ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದಲ್ಲಿ, ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ಮದುವೆ ಇದ್ದ ದಿನ ಆಟ ಇರುತ್ತಿರಲಿಲ್ಲ. ನರಗುಂದದಲ್ಲೂ ಕಲ್ಯಾಣ ಮಂಟಪಗಳಿವೆ, ಮುಹೂರ್ತ ಇಲ್ಲದ ತಿಂಗಳುಗಳೂ ಇವೆ. ಎತ್ತರದ ಸೂರಿನ ಒಂದು ಮಂಟಪದವರನ್ನು ಕಂಡು, ಬೆಳಿಗ್ಗೆ ಎರಡು ತಾಸಿಗೆ ಬಾಡಿಗೆ ಮಾತಾಡಿ. ನಾಲ್ಕೈದು ಮನೆಯವರು ಕೂಡಿದರೆ ಸುತ್ತಿ ಎತ್ತಿಡುವ ಮ್ಯಾಟ್ ತರಿಸುವುದು ಭಾರವಾಗುವುದಿಲ್ಲ.

ನಾಲ್ಕೈದು ಮನೆ ಎಂದು ಬೇಕೆಂದೇ ಬರೆದೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಯಜಮಾನರ ಮಾತಿದೆ, ಗುತ್ತಿಗೆದಾರನ ಮಾತಿದೆ, ಅತ್ತೆಯವರ ಮಾತಿದೆ. ಮಗಳು ಏನೆಂದಳು ಎಂಬುದಿಲ್ಲ. ಹಿತ್ತಲಲ್ಲಿ ಕೋರ್ಟ್ ಆದ ಮೇಲೆ ಅವಳ ಎದುರಿಗೆ ನಿಂತು ಆಡುವವರು ಯಾರು? ಅಪ್ಪ ಹೊಲದಿಂದ ದಣಿದು ಬರುತ್ತಾರೆ. ತನಗಿಂತ ಚೆನ್ನಾಗಿ ಆಡುವ ಒಬ್ಬಳಾದರೂ ವಾರಕ್ಕೆ ನಾಲ್ಕು ದಿನ ಸಿಗದಿದ್ದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಹುಡುಗಿ ಹೊರಗೆ ಹೋಗುವುದು ಬೇಡ ಎಂಬ ಅಂಜಿಕೆಯಿಂದ ಕೋರ್ಟನ್ನು ಮನೆಗೆ ತರುತ್ತಿದ್ದರೆ, ಆ ಅಂಜಿಕೆಯನ್ನು ಗಂಡ ಹೆಂಡತಿ ಬಾಯಿಬಿಟ್ಟು ಮಾತಾಡಿಕೊಳ್ಳಿ. ಅವಳ ಜೊತೆ ಮಂಟಪಕ್ಕೆ ಹೋಗಿ ಕೂತು ನೋಡಿ, ರಜೆಯಲ್ಲಿ ಗದಗಿನ ಒಂದು ಶಿಬಿರಕ್ಕೆ ಕರೆದೊಯ್ಯಿರಿ.

ಸಾಲ ಬೇಡವೇ ಬೇಡ, ಈ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ. ಸಾಲದ ಕೋರ್ಟಿನಲ್ಲಿ ಸೋತ ದಿನವೂ ಆ ಕೂಸು ಅಪ್ಪನ ಮುಖ ನೋಡಬೇಕಾಗುತ್ತದೆ. ಈ ವರ್ಷ ಹಗೇವು ತುಂಬಿಸಿ, ಕೋರ್ಟ್ ಆಗಲಿ ಬಿಡಲಿ ಮನೆಯ ಸುರಕ್ಷತೆಗೆ ಅದು ಬೇಕೇಬೇಕು. ಬರುವ ವರ್ಷವೂ ಅವಳು ಬೆಳಿಗ್ಗೆ ತಾನಾಗಿ ಎದ್ದು ರ‍್ಯಾಕೆಟ್ ಹಿಡಿಯುತ್ತಿದ್ದರೆ ಗರಸಿನ ಮಾತು ತೆಗೆಯಿರಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಮಗಳನ್ನು ಕೇಳಿ, ಅವಳು ಹೇಳಿದ್ದನ್ನು ನನಗೆ ಬರೆಯಿರಿ.