ದೇವರ ಕಣ್ಣಿಗೆ ಮರೆಯಿಲ್ಲ

"ಯಾರು ನೋಡ್ತಾರೆ ಬಿಡು!" ಎಷ್ಟೋ ಪಾಪಗಳು ಶುರುವಾಗುವುದು ಈ ಮಾತಿನಿಂದಲೇ. ತಪಸ್ಸುಕಾಲದ ಐದನೇ ವಾರದ ಸೋಮವಾರ ಬಲಿಪೂಜೆಯಲ್ಲಿ ಓದುವ ಸುಸನ್ನಳ ವೃತ್ತಾಂತ (ದಾನಿಯೇಲ 13) ಇದಕ್ಕೆ ಉತ್ತರ ಕೊಡುತ್ತದೆ.

ಬಾಬಿಲೋನಿನಲ್ಲಿ ಜನರಿಗೆ ನ್ಯಾಯ ಹೇಳುತ್ತಿದ್ದ ಇಬ್ಬರು ಹಿರಿಯರು ಯೋವಾಕಿಮನ ಹೆಂಡತಿ ಸುಸನ್ನಳ ಮೇಲೆ ಕೆಟ್ಟ ಕಣ್ಣು ಹಾಕಿದರು. ಅದಕ್ಕಾಗಿ ಪರಲೋಕದ ಕಡೆ ನೋಡುವುದನ್ನೇ ಬಿಟ್ಟರು. ಒಂದು ದಿನ ತೋಟದ ಬಾಗಿಲು ಮುಚ್ಚಿತ್ತು. ಅವಳು ಒಬ್ಬಳೇ ಇದ್ದಳು. ಒಪ್ಪದಿದ್ದರೆ ವ್ಯಭಿಚಾರದ ಸುಳ್ಳುಸಾಕ್ಷಿ ಹೇಳುವುದಾಗಿ ಬೆದರಿಸಿದರು. ಒಪ್ಪಿದ್ದರೆ ಊರಿಗೆ ಗೊತ್ತಾಗುತ್ತಿರಲಿಲ್ಲ, ಒಪ್ಪದಿದ್ದರೆ ಮರಣ. ದೇವರ ಮುಂದೆ ಪಾಪ ಮಾಡುವುದಕ್ಕಿಂತ ಸಾಯುವುದೇ ಮೇಲೆಂದು ಅವಳು ಕೂಗಿಕೊಂಡಳು.

ಹಿರಿಯರ ಮಾತನ್ನೇ ಸಭೆ ನಂಬಿತು. ಮರಣದಂಡನೆಗೆ ಒಯ್ಯುವಾಗ ತರುಣ ದಾನಿಯೇಲ ತಡೆದು, ಇಬ್ಬರನ್ನೂ ಬೇರೆ ಬೇರೆ ಕರೆದು, ಯಾವ ಮರದ ಕೆಳಗೆ ಕಂಡಿರೆಂದು ಕೇಳಿದ. ಒಬ್ಬ ಒಂದು ಮರ ಹೇಳಿದ, ಇನ್ನೊಬ್ಬ ಇನ್ನೊಂದು. ಸುಳ್ಳು ಬಯಲಾಯಿತು, ಸುಸನ್ನಳ ಜೀವ ಉಳಿಯಿತು.

ದೇವರು ನೋಡುತ್ತಾರೆ ಅನ್ನೋದು ಬರೀ ಹೆದರಿಸುವ ಮಾತಲ್ಲ. ಕಳ್ಳನಿಗೆ ಅದು ಭಯ, ನಿರಪರಾಧಿಗೆ ಧೈರ್ಯ. ಅಂದು ಅವಳ ಪರವಾಗಿ ಇದ್ದ ಒಬ್ಬನೇ ಸಾಕ್ಷಿ ದೇವರು.

ಪ್ರಿಯ ಯಾತ್ರಿಕರೇ, ಬೆಟ್ಟ ಇಳಿಯುವ ಮುನ್ನ ಮನಸ್ಸಾಕ್ಷಿಯನ್ನು ಕೇಳಿಕೊಳ್ಳಿ:

1. ಅಂಗಡಿಯ ತಕ್ಕಡಿಯಲ್ಲಿ, ಹಣದ ಲೆಕ್ಕದಲ್ಲಿ ಮೋಸವಿದೆಯೇ?
2. ಒಬ್ಬರೇ ಇರುವಾಗ ಮೊಬೈಲಿನಲ್ಲಿ ಏನು ನೋಡುತ್ತೀರಿ?
3. ತಪ್ಪಿಲ್ಲದವರನ್ನು ಊರು ದೂರುವಾಗ ದಾನಿಯೇಲನಂತೆ ಬಾಯಿ ತೆರೆದಿರಾ, ಸುಮ್ಮನಿದ್ದಿರಾ?

ತಪ್ಪಿದ್ದರೆ ಇಂದೇ ಪಾಪನಿವೇದನೆ ಮಾಡಿ. ಎಲ್ಲವನ್ನೂ ನೋಡುವ ದೇವರು ಪಶ್ಚಾತ್ತಾಪದ ಕಣ್ಣೀರನ್ನೂ ನೋಡುತ್ತಾರೆ.